ಸ್ಥಳನಾಮಗಳ ದಾಖಲೆ: ಐರ್ಲೆಂಡಿನ ನಾಮಪುಸ್ತಕಗಳು

ಸ್ಥಳನಾಮವು ಜನರ ನಾಲಗೆಯ ಮೇಲೆ ಹುಟ್ಟಿ ಬಾಳುವಂಥದು. ಅದನ್ನು ಭೂಪಟದಲ್ಲಿ ನೆಲೆಗೊಳಿಸುವಾಗ ಯಾರ ಮಾತು ಪ್ರಮಾಣ, ಯಾವ ಬರಹ ಶುದ್ಧ ಎಂಬ ಪ್ರಶ್ನೆಗಳು ಏಳುತ್ತವೆ. ಈ ವಿಷಯದಲ್ಲಿ ಐರ್ಲೆಂಡಿನ ಭೂಮಾಪನದ ಇತಿಹಾಸವು ಅಭ್ಯಾಸಿಗಳಿಗೆ ಬೋಧಪ್ರದವಾಗಿದೆ.

ಸ್ಥಳೀಯ ತೆರಿಗೆಯ ಹಂಚಿಕೆಯನ್ನು ಸರಿಪಡಿಸುವ ಉದ್ದೇಶದಿಂದ ಬ್ರಿಟಿಷ್ ಸರಕಾರವು 1824ರಲ್ಲಿ ಆ ದೇಶದ ಮೋಜಣಿಯನ್ನು ಕೈಕೊಂಡಿತು. ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ ನಕ್ಷೆಗಳು ಸಿದ್ಧವಾಗಬೇಕಾಗಿದ್ದವು. ಅಲ್ಲಿಯ ಗ್ರಾಮಪ್ರದೇಶವು ಪ್ಯಾರಿಷ್ ಎಂಬ ವಿಭಾಗಗಳಾಗಿ, ಪ್ಯಾರಿಷ್‌ಗಳು ಟೌನ್‌ಲ್ಯಾಂಡ್ ಎಂಬ ಕಿರು ಭೂಭಾಗಗಳಾಗಿ ವಿಂಗಡಗೊಂಡಿವೆ. ಟೌನ್‌ಲ್ಯಾಂಡ್‌ಗಳ ಸಂಖ್ಯೆಯೇ 60,000ಕ್ಕೆ ಮಿಕ್ಕಿದೆ. ಇವುಗಳ ಹೆಸರುಗಳನ್ನು ನಿರ್ಣಯಿಸಲು ಪ್ಯಾರಿಷ್‌ವಾರು ನಾಮಪುಸ್ತಕಗಳನ್ನು ಬರೆಯಲಾಯಿತು. ಒಂದೊಂದು ಹೆಸರಿಗೂ ಬಳಕೆಯಲ್ಲಿದ್ದ ಬೇರೆಬೇರೆ ಬರಹಗಳು, ಅವುಗಳ ಆಕರಗಳು, ಸ್ಥಳದ ನೆಲೆ ಮತ್ತು ವಿವರಣೆ ಇವುಗಳಲ್ಲಿ ಸೇರಿದವು.

1830ರಲ್ಲಿ ಈ ಕಾರ್ಯಕ್ಕೆ ನಿಯುಕ್ತನಾದ ಜಾನ್ ಓ'ಡೊನೊವನ್ ಐರಿಷ್ ಭಾಷೆಯ ಮಹಾವಿದ್ವಾಂಸ. ಆತನ ಕ್ರಮ ಗಮನಾರ್ಹವಾದುದು. ಮೊದಲು ಹಳೆಯ ದಾಖಲೆಗಳಲ್ಲಿಯ ರೂಪಗಳನ್ನು ನೋಡಿಕೊಳ್ಳುವನು. ಅನಂತರ ಊರೂರು ತಿರುಗಿ, ಐರಿಷ್ ಬಲ್ಲ ವೃದ್ಧರ ಬಾಯಿಂದ ಉಚ್ಚಾರವನ್ನು ಕೇಳುವನು. ಐರಿಷ್ ರೂಪವನ್ನೂ ಅರ್ಥವನ್ನೂ ಪುಸ್ತಕದಲ್ಲಿ ಬರೆಯುವನು. ಕೊನೆಗೆ ನಕ್ಷೆಗಾಗಿ ಇಂಗ್ಲಿಷ್ ಬರಹವೊಂದನ್ನು ಸೂಚಿಸುವನು. ಬಳಕೆಯಲ್ಲಿದ್ದವುಗಳ ಪೈಕಿ ಮೂಲಕ್ಕೆ ಸಮೀಪವಾದುದನ್ನು ಆರಿಸುವುದು ಸಾಮಾನ್ಯ ನಿಯಮವಾಗಿತ್ತು.

ಆದರೆ ಭೂಪಟದಲ್ಲಿ ಅಚ್ಚಾದುದು ಇಂಗ್ಲಿಷ್ ರೂಪ ಮಾತ್ರ. ಐರಿಷ್‌ನಲ್ಲಿ 'ಕಿಲ್' ಎಂದರೆ ಚರ್ಚು. 'ಕೊಯಿಲ್' ಎಂದರೆ ಕಾಡು. ಇಂಗ್ಲಿಷಿಗೆ ಇಳಿದಾಗ ಅನೇಕ ಕಡೆ ಎರಡೂ 'ಕಿಲ್' ಎಂದೇ ಆದವು. ನಮ್ಮ 'ಕಲ್ಲು', 'ಕಳ್ಳು'ಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಭೇದ ಅಳಿಯುವುದಷ್ಟೆ, ಅದರಂತೆಯೇ ಇದು. ನಕ್ಷೆಯನ್ನಷ್ಟೇ ನೋಡುವವನಿಗೆ ಅಲ್ಲಿ ಹಿಂದೆ ಚರ್ಚಿತ್ತೊ ಕಾಡಿತ್ತೊ ತಿಳಿಯದು.

ಈ ನಷ್ಟವು ಎಷ್ಟು ದೊಡ್ಡದೆಂಬುದನ್ನು ಕಾಲವೇ ತೋರಿಸಿತು. ನಕ್ಷೆಗಳ ಪ್ರಕಟಣೆ 1846ರಲ್ಲಿ ಮುಗಿಯುವಷ್ಟರಲ್ಲಿಯೇ ಮಹಾಕ್ಷಾಮ ತಲೆದೋರಿತ್ತು. ಸುಮಾರು ಹತ್ತು ಲಕ್ಷ ಜನ ಮಡಿದರು. ಬಹುಶಃ ಅಷ್ಟೇ ಜನ ದೇಶವನ್ನು ತೊರೆದರು. ಐರಿಷ್ ನುಡಿಯುತ್ತಿದ್ದ ಬಡವರೇ ಇದಕ್ಕೆ ಹೆಚ್ಚಾಗಿ ಬಲಿಯಾದರು. ಓ'ಡೊನೊವನ್ ಹೆಸರು ಕೇಳಿದ ಎಷ್ಟೋ ಊರುಗಳಲ್ಲಿ, ಎರಡು ಮೂರು ತಲೆಮಾರುಗಳ ತರುವಾಯ, ಆ ಹೆಸರನ್ನು ಐರಿಷ್‌ನಲ್ಲಿ ಹೇಳಬಲ್ಲವರು ಉಳಿಯಲಿಲ್ಲ.

1946ರಲ್ಲಿ ಐರ್ಲೆಂಡ್ ಸರಕಾರವು ಸ್ಥಳನಾಮ ಆಯೋಗವನ್ನು ರಚಿಸಿ, ಮೂಲರೂಪಗಳ ಶೋಧಕ್ಕೆ ತೊಡಗಿದಾಗ ನಾಮಪುಸ್ತಕಗಳು ಮುಖ್ಯ ಆಕರಗಳಲ್ಲಿ ಒಂದಾದವು. 2004ರ ಆದೇಶವೊಂದು ಐರಿಷ್ ಭಾಷಾಪ್ರದೇಶಗಳಲ್ಲಿ ಐರಿಷ್ ಹೆಸರುಗಳಿಗೆ ಮಾತ್ರ ಅಧಿಕೃತ ಮಾನ್ಯತೆಯನ್ನು ನೀಡಿತು.

ಭೂಪಟವು ಕಳೆದುದನ್ನು ಪುಸ್ತಕವು ಕಾಪಾಡಿತು. ಆಡಳಿತಕ್ಕೆ ಯಾವ ರೂಪ ಬೇಕಾದರೂ ಆಗಲಿ, ಊರಿನ ಹಿರಿಯರು ನುಡಿದ ಹೆಸರನ್ನು ಅವರ ನುಡಿಯಲ್ಲಿಯೇ, ಹೇಳಿದವರ ಉಲ್ಲೇಖದೊಡನೆ, ಮೊದಲು ಬರೆದಿಡುವುದು ಸ್ಥಳನಾಮ ಸಂಗ್ರಾಹಕನ ಪ್ರಥಮ ಕರ್ತವ್ಯ.