370 ಕಿಲೋಮೀಟರಿಗೆ ಒಂದು ಗಂಟೆ ಏಕೆ?

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿ ನಿಲ್ದಾಣಕ್ಕಿರುವ ವಾಯುದೂರ ಸುಮಾರು 370 ಕಿಲೋಮೀಟರ್. ಇಂಥ ಮಾರ್ಗಗಳಲ್ಲಿ ಸಾಮಾನ್ಯವಾಗಿ ಕಾಣುವ ಎಟಿಆರ್ 72 ವಿಮಾನ ಗಂಟೆಗೆ ಸುಮಾರು 510 ಕಿಲೋಮೀಟರ್ ವೇಗದಲ್ಲಿ ಸಾಗಬಲ್ಲದಾದ್ದರಿಂದ ಪ್ರಯಾಣ 44 ನಿಮಿಷಗಳಲ್ಲಿ ಮುಗಿಯಬೇಕು. ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಮೀರಿದ ಅವಧಿ ನಮೂದಾಗಿರುತ್ತದೆ.

ದೂರದ ಲೆಕ್ಕ ಸರಳವಾದುದು. ಎರಡು ನಿಲ್ದಾಣಗಳ ಅಕ್ಷಾಂಶಗಳ ಅಂತರ ಸುಮಾರು 2.16 ಡಿಗ್ರಿ, ಡಿಗ್ರಿಗೆ 111 ಕಿಲೋಮೀಟರಿನಂತೆ 240 ಕಿಲೋಮೀಟರ್. ರೇಖಾಂಶಗಳ ಅಂತರ ಸುಮಾರು 2.62 ಡಿಗ್ರಿ, ಧ್ರುವಗಳತ್ತ ಹೋದಂತೆ ರೇಖಾಂಶಗಳು ಹತ್ತಿರವಾಗುವುದರಿಂದ ಇಲ್ಲಿ ಡಿಗ್ರಿಗೆ 108 ಕಿಲೋಮೀಟರಿನಂತೆ 283 ಕಿಲೋಮೀಟರ್. ಇವೆರಡನ್ನೂ ಲಂಬಕೋನ ತ್ರಿಭುಜದ ಬಾಹುಗಳೆಂದು ಭಾವಿಸಿದರೆ ಕರ್ಣ 371 ಕಿಲೋಮೀಟರ್ ಆಗುತ್ತದೆ. ದೂರ ಸಾವಿರಾರು ಕಿಲೋಮೀಟರಾದಾಗ ಮಾತ್ರ ಭೂಮಿಯ ದುಂಡುತನವನ್ನು ಲೆಕ್ಕಕ್ಕೆ ಹಿಡಿದು, ಭೂಕೇಂದ್ರವೇ ಕೇಂದ್ರವಾಗಿರುವ 'ಮಹಾವೃತ್ತ'ದ ಉದ್ದಕ್ಕೆ ಅಳೆಯದೆ ವಿಧಿಯಿಲ್ಲ.

ಸಮಯದ ಲೆಕ್ಕ ಇಷ್ಟು ಸುಲಭವಲ್ಲ. ವೇಳಾಪಟ್ಟಿ ತೋರಿಸುವುದು 'ಬ್ಲಾಕ್ ಟೈಮ್', ಅಂದರೆ ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಹಿಡಿದು ಇನ್ನೊಂದು ನಿಲ್ದಾಣದಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವವರೆಗಿನ ಅವಧಿ. ರನ್‌ವೇವರೆಗೆ ನಿಧಾನವಾಗಿ ಸಾಗುವ ಟ್ಯಾಕ್ಸಿಯೂ ಸರದಿಗಾಗಿ ಕಾಯುವಿಕೆಯೂ ಅದರಲ್ಲಿ ಸೇರಿವೆ. ಮೇಲೇರುವಾಗ ಎಟಿಆರ್‌ನ ವೇಗ ಗಂಟೆಗೆ ಸುಮಾರು 315 ಕಿಲೋಮೀಟರ್ ಮಾತ್ರ, ಮತ್ತು ಐದು ಕಿಲೋಮೀಟರ್ ಎತ್ತರ ತಲುಪಲು ಅದಕ್ಕೆ ಕಾಲು ಗಂಟೆ ಬೇಕಾಗುತ್ತದೆ. ಇಳಿಯುವಾಗಲೂ ಕೊನೆಯ ಹಂತದಲ್ಲಿ ವೇಗ ತಗ್ಗಿಸಲೇಬೇಕು. ಇದರ ಮೇಲೆ ಗಾಳಿಯ ಪ್ರಭಾವ ಬೇರೆ. ವಿಮಾನ ಗಾಳಿಗೆ ಎದುರಾಗಿ ಮೇಲೇರುವುದೇ ವಾಡಿಕೆಯಾದ್ದರಿಂದ ಮೂಡಣ ಗಾಳಿಯ ದಿನಗಳಲ್ಲಿ, ವಾಯವ್ಯದ ಹುಬ್ಬಳ್ಳಿಗೆ ಹೊರಟ ವಿಮಾನವೂ ಬೆಂಗಳೂರಿನಲ್ಲಿ ಪೂರ್ವಕ್ಕೆ ಮುಖ ಮಾಡಿ ಹಾರಿ ಅನಂತರ ತಿರುಗಬೇಕಾಗುತ್ತದೆ. ಮುಂಗಾರಿನ ಪಡುವಣ ಗಾಳಿ ಗಂಟೆಗೆ 60 ಕಿಲೋಮೀಟರಿನಷ್ಟು ಎದುರಾದರೆ 44 ನಿಮಿಷದ ಹಾರಾಟ 49ಕ್ಕೇರುತ್ತದೆ; ಮರಳುವಾಗ ಅದೇ ಗಾಳಿ ಬೆನ್ನಿಗಿದ್ದರೆ 39ಕ್ಕಿಳಿಯುತ್ತದೆ.

ಎಟಿಆರ್ ಟರ್ಬೊಪ್ರಾಪ್ ಜಾತಿಯ ವಿಮಾನ; ಇದರ ಗ್ಯಾಸ್ ಟರ್ಬೈನ್ ಎಂಜಿನ್‌ಗಳು ತಮ್ಮ ಶಕ್ತಿಯ ಬಹುಪಾಲನ್ನು ಪ್ರೊಪೆಲ್ಲರ್ ತಿರುಗಿಸಲು ವ್ಯಯಿಸುತ್ತವೆ. ಪ್ರೊಪೆಲ್ಲರ್‌ನ ಅಲಗಿನ ತುದಿಯಲ್ಲಿ ತಿರುಗುವ ವೇಗದೊಡನೆ ವಿಮಾನದ ಮುನ್ನಡೆಯ ವೇಗವೂ ಸೇರಿ ಶಬ್ದದ ವೇಗವನ್ನು ಸಮೀಪಿಸಿದಾಗ ಅದರ ದಕ್ಷತೆ ಕುಸಿಯುವುದರಿಂದ ಜೆಟ್‌ನ ವೇಗ ಇದಕ್ಕೆ ಒದಗುವುದಿಲ್ಲ. ಗಂಟೆಗೆ 830 ಕಿಲೋಮೀಟರ್ ವೇಗದ ಜೆಟ್ ಕಾಗದದ ಮೇಲೆ ಈ ದೂರವನ್ನು 27 ನಿಮಿಷಗಳಲ್ಲಿ ಕ್ರಮಿಸುತ್ತದೆ ನಿಜ. ಆದರೆ ಏರಿಳಿತದಲ್ಲೇ ದಾರಿಯ ಬಹುಭಾಗ ಕಳೆದುಹೋಗುವುದರಿಂದ ಆ ವೇಗ ಅದಕ್ಕೆ ದಕ್ಕುವುದು ಕೆಲವೇ ನಿಮಿಷ, ಟ್ಯಾಕ್ಸಿಯ ಸಮಯವಂತೂ ಕಡಿಮೆಯಾಗದು. ಇಷ್ಟು ಸಣ್ಣ ಉಳಿತಾಯಕ್ಕಾಗಿ ಹೆಚ್ಚು ಇಂಧನ ಸುಡುವುದು ದುಂದುವೆಚ್ಚವೇ ಸರಿ. ಐನೂರು ಕಿಲೋಮೀಟರಿನೊಳಗಿನ ಮಾರ್ಗಗಳಿಗೆ ಪ್ರೊಪೆಲ್ಲರ್ ವಿಮಾನವೇ ತಕ್ಕುದು.