ಸ್ವಲೀನತೆ: ಅರಿಯದೆ ಹೋದವರು ಯಾರು?

ಪ್ರಬಂಧವನ್ನು ತಡವಾಗಿ ಒಪ್ಪಿಸಬಹುದೇ ಎಂದು ವಿದ್ಯಾರ್ಥಿಯೊಬ್ಬನು ಅಧ್ಯಾಪಕರನ್ನು ಕೇಳಿದನೆಂದು ಭಾವಿಸೋಣ. ಅವರು 'ನೋಡೋಣ' ಎನ್ನುತ್ತಾರೆ. ಕನ್ನಡಿಗರ ಬಾಯಲ್ಲಿ ಈ ಮಾತು ಬಹುಮಟ್ಟಿಗೆ ನಿರಾಕರಣೆಯ ಸೌಜನ್ಯರೂಪ. ಆದರೆ ವಿದ್ಯಾರ್ಥಿಯು ಮರುದಿನವೂ ಅದರ ಮರುದಿನವೂ ಬಂದು, ಅವರ ಮುಖದತ್ತ ದೃಷ್ಟಿಯನ್ನೆತ್ತದೆ, 'ನೋಡಿದಿರಾ?' ಎಂದು ವಿಚಾರಿಸುತ್ತಾನೆ. ಅಧ್ಯಾಪಕರಿಗೆ ಇದು ಉದ್ಧಟತನವೆಂದು ತೋರುವುದು ಅಸಹಜವಲ್ಲ. ಅವನಾದರೋ ಆಡಿದ ಮಾತನ್ನು ಆಡಿದ ಹಾಗೆಯೇ ನಂಬಿದ್ದಾನೆ.

ಇಂತಹ ಸ್ವಭಾವವು ಆಟಿಸಂ ಅಥವಾ ಸ್ವಲೀನತೆಯ ಒಂದು ಮುಖವಾಗಿರಬಹುದು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯರಾದ ಲಿಯೋ ಕ್ಯಾನರ್ ಅವರು ಹನ್ನೊಂದು ಮಕ್ಕಳನ್ನು ಪರೀಕ್ಷಿಸಿ, ಈ ಸ್ಥಿತಿಯು ಹುಟ್ಟಿನಿಂದಲೇ ಬಂದುದೆಂದು ಊಹಿಸಿದ್ದರು. ಹಾಗಿದ್ದರೂ ಮುಂದೆ ತಾಯಿಯ ಹೃದಯಶೈತ್ಯವೇ ಕಾರಣವೆಂಬ ವಾದವು ಪ್ರಬಲವಾಯಿತು. ಬ್ರೂನೋ ಬೆಟಲ್‌ಹೈಮ್ ಅವರು 1967ರ ತಮ್ಮ ಗ್ರಂಥದಲ್ಲಿ ಅದಕ್ಕೆ ಮತ್ತಷ್ಟು ಪ್ರಚಾರ ಕೊಟ್ಟರು. 1977ರಲ್ಲಿ ಫೋಲ್‌ಸ್ಟೀನ್ ಮತ್ತು ರಟರ್ ಅವರು 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿ ಆನುವಂಶಿಕತೆಯ ಪಾತ್ರವನ್ನು ತೋರಿಸಿಕೊಟ್ಟರು. ಅದುವರೆಗೆ ಎಷ್ಟು ತಾಯಂದಿರು ಮಾಡದ ತಪ್ಪನ್ನು ಹೊತ್ತು ನಡೆದರೋ! ಪ್ರಮಾಣವಿಲ್ಲದ ಊಹೆಯೊಂದು ಇಷ್ಟು ಕಾಲ ಬಾಳಿದುದು ಶಾಸ್ತ್ರಕ್ಕೆ ಶೋಭೆ ತರುವ ಸಂಗತಿಯಲ್ಲ.

ತಾಯಿಯ ಮೇಲಿನ ಆರೋಪ ತೊಲಗಿದರೂ, ಸಂಭಾಷಣೆ ಮುರಿದರೆ ದೋಷವೆಲ್ಲ ಸ್ವಲೀನರದೇ ಎಂಬ ಭಾವನೆ ಉಳಿಯಿತು. ಸ್ವತಃ ಸ್ವಲೀನರಾದ ಇಂಗ್ಲೆಂಡಿನ ವಿದ್ವಾಂಸ ಡೇಮಿಯನ್ ಮಿಲ್ಟನ್ ಅವರು 2012ರಲ್ಲಿ ಇದನ್ನು ಪ್ರಶ್ನಿಸಿದರು: ಅವರು ನಮ್ಮನ್ನು ಅರಿಯದಷ್ಟೇ ನಾವೂ ಅವರನ್ನು ಅರಿಯೆವು. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಥೆಯೊಂದನ್ನು ಒಬ್ಬರಿಂದೊಬ್ಬರಿಗೆ ಎಂಟು ಜನರ ಸರಣಿಯಲ್ಲಿ ದಾಟಿಸಲಾಯಿತು. ಸ್ವಲೀನರ ಸರಣಿಯು ಇತರರ ಸರಣಿಯಷ್ಟೇ ನಿಷ್ಠವಾಗಿತ್ತು. ಇಬ್ಬರೂ ಬೆರೆತಲ್ಲಿ ಕಥೆ ಹೆಚ್ಚು ಸವೆಯಿತು. 2025ರ ವಿಸ್ತೃತ ಪುನಃಪರೀಕ್ಷೆಯಲ್ಲಿ ಬೆರೆತ ಸರಣಿಯ ಈ ಹಿನ್ನಡೆ ಕಾಣಲಿಲ್ಲ. ಸ್ವಲೀನರು ತಮ್ಮತಮ್ಮಲ್ಲಿ ವಿಷಯವನ್ನು ದಾಟಿಸುವುದರಲ್ಲಿ ಕಡಿಮೆಯಲ್ಲವೆಂಬ ಅಂಶ ಮಾತ್ರ ನಿಂತಿತು. ಮಿದುಳಿನ ರಚನಾಭೇದಗಳನ್ನು ಮಾನವವೈವಿಧ್ಯವೆಂದೇ ಎಣಿಸುವ 'ನರವೈವಿಧ್ಯ'ದ ದೃಷ್ಟಿಗೆ ಇದು ಪೋಷಕ. ಆದರೆ ಮಾತೇ ಬಾರದ, ಜೀವನಪರ್ಯಂತ ಆರೈಕೆ ಬೇಕಾದ ಸ್ವಲೀನರೂ ಉಂಟೆಂಬುದನ್ನು ಈ ದೃಷ್ಟಿಯ ಉತ್ಸಾಹದಲ್ಲಿ ಮರೆಯಲಾಗದು.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸ್ವಲೀನತೆಯನ್ನು 21 ವಿಕಲತೆಗಳಲ್ಲಿ ಒಂದಾಗಿ ಅಂಗೀಕರಿಸಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವಿಕಲತೆಯ ಪ್ರಮಾಣಪತ್ರವುಳ್ಳವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಮೀಸಲು. ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶವನ್ನೂ ಅಧಿನಿಯಮವು ಹೇಳುತ್ತದೆ. ಪರೀಕ್ಷಣೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ರಾಷ್ಟ್ರೀಯ ನ್ಯಾಸದ 'ನಿರಾಮಯ' ಎಂಬ ಆರೋಗ್ಯವಿಮೆಯೂ ಉಂಟು.

ತರಗತಿಯಲ್ಲಿ ಬೇಕಾದುದು ಬಹಳ ಸರಳ. ಸೂಚನೆಗಳನ್ನು ಬರೆದು ಕೊಡುವುದು, ವೇಳಾಪಟ್ಟಿ ಬದಲಾದರೆ ಮುಂಚಿತವಾಗಿ ತಿಳಿಸುವುದು, ಗದ್ದಲವಿಲ್ಲದ ಮೂಲೆಯಲ್ಲಿ ಕೂಡಲು ಬಿಡುವುದು. 'ನೋಡೋಣ' ಎಂಬುದರ ಬದಲು 'ಆಗದು' ಎನ್ನಬಹುದು. ಇಲ್ಲವೆ 'ಸೋಮವಾರ ಹನ್ನೊಂದು ಗಂಟೆಗೆ ತಿಳಿಸುತ್ತೇನೆ' ಎಂದು ಹೇಳಿ, ಆ ಹೊತ್ತಿಗೆ ಕೊಠಡಿಯಲ್ಲಿರಬಹುದು.