ಒಂದೇ ಮಳೆಗೆ ಹಲವು ಲೆಕ್ಕಗಳು

ಮುಂಗಾರಿನಲ್ಲಿ ಕೆರೆಯ ಈಚೆಯ ಹೊಲವು ತೊಯ್ದು, ಆಚೆಯ ಹೊಲದಲ್ಲಿ ಧೂಳೇಳುವುದನ್ನು ಬೇಸಾಯಗಾರರೆಲ್ಲರೂ ಬಲ್ಲರು. ಹೀಗಿರುವಲ್ಲಿ ಗ್ರಾಮಕ್ಕೆ ಬಿದ್ದ ಮಳೆಯು ಇಷ್ಟೇ ಎಂದು ನಿರ್ಣಯಿಸುವುದು ಸುಲಭವಲ್ಲ. ಬಿತ್ತನೆಯ ಹದವೂ ಬರಪರಿಹಾರದ ವಿಚಾರವೂ ಈ ಅಂಕಿಯನ್ನು ಅವಲಂಬಿಸಿರುವುದರಿಂದ, ಗ್ರಾಮದ ಮುಖಂಡರೂ ಜಮೀನುದಾರರೂ ಇದರ ಕ್ರಮವನ್ನು ತಿಳಿದಿರುವುದು ಲೇಸು.

ಮಳೆಯ ವರ್ತಮಾನವು ಮುಖ್ಯವಾಗಿ ಮೂರು ಕಡೆಗಳಿಂದ ಬರುವುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟಿರುವ ಮಳೆಮಾಪಕಗಳು ತಮ್ಮ ಅಳತೆಯನ್ನು ತಾವಾಗಿಯೇ ಕಳುಹಿಸುತ್ತವೆ. ಅಳತೆಯು ನಿಖರವೇ ಸರಿ. ಆದರೆ ಅದು ಆ ಒಂದು ಸ್ಥಳದ್ದು ಮಾತ್ರ. ಎರಡನೆಯದು ರೇಡಾರು, ಬೆಟ್ಟವು ಅಡ್ಡಬಂದರೆ ಅದಕ್ಕೆ ಆಚೆಯ ಮಳೆಯು ಕಾಣದು. ಮೂರನೆಯದು ಉಪಗ್ರಹ. 2014ರಲ್ಲಿ ಅಮೆರಿಕ ಮತ್ತು ಜಪಾನು ದೇಶಗಳವರು ಹಾರಿಸಿದ ಉಪಗ್ರಹವನ್ನೂ ಅದರ ಜೊತೆಯವನ್ನೂ ಆಧರಿಸಿ, ಅರ್ಧ ಗಂಟೆಗೊಮ್ಮೆ ಮಳೆಯನ್ನು ಅಂದಾಜು ಮಾಡಲಾಗುತ್ತದೆ. ಆದರೆ ಅದರ ಒಂದೊಂದು ಚೌಕವೂ ಸುಮಾರು 10 ಕಿಲೋಮೀಟರು ಅಗಲವಾದುದು. ಒಂದರೊಳಗೆ ಎಷ್ಟೋ ಗ್ರಾಮಗಳು ಅಡಗಿಹೋಗುವುವು.

ಈ ಲೆಕ್ಕಗಳನ್ನು ಸುಮ್ಮನೆ ಕೂಡಿಸಿ ಭಾಗಿಸುವುದು ಸರಿಯಲ್ಲ. ನ್ಯಾಯ ಹೇಳುವ ಹಿರಿಯರು ಎಲ್ಲ ಸಾಕ್ಷಿಗಳ ಮಾತನ್ನೂ ಒಂದೇ ತೂಕದಲ್ಲಿ ತೂಗುವರೇ? ಮಳೆಮಾಪಕವು 20 ಮಿಲಿಮೀಟರು ಎಂದೂ, ಉಪಗ್ರಹವು 30 ಎಂದೂ ಹೇಳಿತೆನ್ನೋಣ. ಮೊದಲನೆಯದರ ಸಾಧಾರಣ ತಪ್ಪು 3, ಎರಡನೆಯದರದು 6 ಆಗಿದ್ದರೆ, ತಪ್ಪಿನ ವರ್ಗಕ್ಕೆ ವಿಲೋಮವಾಗಿ ತೂಕ ಕೊಡತಕ್ಕದ್ದು. ಆಗ ಮೊದಲನೆಯದಕ್ಕೆ ನಾಲ್ಕು ಪಾಲು, ಎರಡನೆಯದಕ್ಕೆ ಒಂದು ಪಾಲು ಸಲ್ಲುವುದು. ಫಲಿತವು 22 ಮಿಲಿಮೀಟರು. ಅದರ ತಪ್ಪು ಸುಮಾರು 2.7ಕ್ಕೆ ಇಳಿಯುವುದು. ದುರ್ಬಲ ಸಾಕ್ಷಿಯೂ ನಿರರ್ಥಕವಲ್ಲವೆಂಬುದು ಇದರಿಂದ ಕಾಣುವುದು. ದಿನದಿನಕ್ಕೆ ಬದಲಾಗುವ ಸಂಗತಿಗಳಿಗೆ ಇದೇ ತತ್ತ್ವವನ್ನು ಅನ್ವಯಿಸುವ ಕ್ರಮವನ್ನು ಕಾಲ್ಮನ್ ಎಂಬವರು 1960ರಲ್ಲಿ ಪ್ರಕಟಿಸಿದರು. ನಿನ್ನೆಯ ಅಂದಾಜನ್ನು ಮುಂದುವರಿಸಿ, ಇಂದಿನ ಅಳತೆಯಿಂದ ತಿದ್ದುವುದೇ ಆ ಕ್ರಮ. ಮಣ್ಣಿನ ತೇವದ ಲೆಕ್ಕಕ್ಕೂ ಇದು ಒದಗುವುದು.

ಆದರೆ ಸಾಕ್ಷಿಗಳು ಒಬ್ಬರನ್ನೊಬ್ಬರು ಕೇಳಿ ನುಡಿದಿರಬಾರದು. ಅದೇ ಮಳೆಮಾಪಕದಿಂದ ತಿದ್ದಿದ ಉಪಗ್ರಹದ ಅಂಕಿಯನ್ನು ಬೇರೊಂದು ಸಾಕ್ಷಿಯೆಂದು ಎಣಿಸಿದರೆ, ಒಂದೇ ಮಾತನ್ನು ಎರಡು ಸಲ ಕೇಳಿದಂತಾಗಿ ಇಲ್ಲದ ಭರವಸೆಯು ಹುಟ್ಟುವುದು.

ಇನ್ನು, ಯಾವಾಗಲೂ ಕಡಮೆಯೇ ತೋರಿಸುವ ಮಾಪಕವನ್ನು ಈ ಗಣಿತವು ಸರಿಪಡಿಸಲಾರದು. ಹೆಚ್ಚಿನ ತೂಕವು ಅದಕ್ಕೇ ಸಲ್ಲುವುದರಿಂದ ಕೇಡೂ ಹೆಚ್ಚು. ಆದುದರಿಂದ ಮಾಪಕದ ಬಾಯಿಗೆ ಎಲೆಯಾಗಲಿ ಜೇಡರ ಬಲೆಯಾಗಲಿ ಕಟ್ಟಿಕೊಂಡಿದ್ದರೆ, ಅಥವಾ ಪಕ್ಕದ ಮರದ ಕೊಂಬೆಯು ಮೇಲಕ್ಕೆ ಚಾಚಿದ್ದರೆ, ಗ್ರಾಮದವರು ತಾವಾಗಿ ಕೈಹಾಕದೆ ಸಂಬಂಧಪಟ್ಟ ಅಧಿಕಾರಿಗಳಿಗೆ ಒಡನೆಯೇ ತಿಳಿಸತಕ್ಕದ್ದು.